ದ್ರಾಕ್ಷಿ ಚಪ್ಪರದ ತಂತಿಯಲ್ಲಿ ಖಾಲಿ ಸ್ಟ್ರಿಪ್‌ಗಳು

೧೯೯೮ರಲ್ಲಿ ನಾನು ತಮಿಳುನಾಡಿನ ದಿಂಡಿಗಲ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಷಿಯನ್ ಆಗಿದ್ದೆ. ಬೀಗಗಳಿಗೆ ಹೆಸರಾದ ಊರು ಅದು. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಚಾಳಿ ನನಗೂ ಅಂಟಿತ್ತು. ರೋಗಿ ಮಾತ್ರೆ ನುಂಗಿದೆ ಎಂದರೆ ನಾನು ನಂಬುತ್ತಿರಲಿಲ್ಲ. "ನೀವು ಪೊಲೀಸ್ ಆಗಬೇಕಿತ್ತು" ಎಂದು ಹೆಂಡತಿ ರೇಗಿಸುತ್ತಿದ್ದಳು.

ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರ ರಂಗಸಾಮಿಗೆ ಹಿಂದಿನ ವರ್ಷ ಮಧುರೈಯಲ್ಲಿ ಕಿಡ್ನಿ ಕಸಿಯಾಗಿತ್ತು. ಕಿಡ್ನಿ ಕೊಟ್ಟವಳು ಅವನ ಅಕ್ಕ ನಾಗಮ್ಮ. ಅದನ್ನು ದೇಹ ತಿರಸ್ಕರಿಸದಿರಲಿ ಎಂದು ಅವನು ದಿನಾ ಸೈಕ್ಲೋಸ್ಪೋರಿನ್ ನುಂಗಬೇಕಿತ್ತು. ಮಧುರೈಗೆ ಮೂರು ತಿಂಗಳಿಗೊಮ್ಮೆ ಹೋದರೆ ಸಾಕು, ನಡುವಿನ ತಪಾಸಣೆ ನನ್ನದು. ಮನೆಯಲ್ಲಿ ಕನ್ನಡ ಆಡುವ ಅದೇ ಕಣಿವೆಯ ಕುಟುಂಬದವನು ನಾನು. ಆ ಸಲಿಗೆಯಿಂದ ಅಕ್ಕ ತಮ್ಮ ಅಷ್ಟು ದೂರ ಬರುತ್ತಿದ್ದರು.

ಜೂನ್‌ನಲ್ಲಿ ರಂಗಸಾಮಿಗೆ ಬಿ.ಪಿ. ಮಾತ್ರೆಯಿಂದ ಪಾದ ಊದಿತು. ಅದನ್ನು ಬಿಡಿಸಿ ಡಿಲ್ಟಿಯಾಜೆಮ್ ಎಂಬ ಬೇರೆ ಬಿ.ಪಿ. ಮಾತ್ರೆ ಬರೆದುಕೊಟ್ಟೆ. ಒಂದು ನಿಮಿಷದ ಕೆಲಸ.

ಜುಲೈನಲ್ಲಿ ಕ್ರಿಯಾಟಿನಿನ್ 1.3ರಿಂದ 2.1ಕ್ಕೆ ಏರಿತ್ತು. ರಕ್ತದಲ್ಲಿ ಅದು ಏರಿದರೆ ಕಿಡ್ನಿ ಸೋಲುತ್ತಿದೆ ಎಂದರ್ಥ. ಬಿ.ಪಿ. 160/100. ಕೈ ನಡುಗುತ್ತಿತ್ತು. ನನ್ನ ತಲೆಯೊಳಗಿನ ಪೊಲೀಸ್ ಎದ್ದು ಕೂತ. ಕುಡಿಯುತ್ತಿದ್ದಾನೆಯೇ? ನಾಟಿ ವೈದ್ಯರ ಪುಡಿಯೇ? ಮೈ ಸರಿಹೋಯಿತೆಂದು ಮಾತ್ರೆ ಬಿಟ್ಟನೇ?

"ಕುಲದೇವರಾಣೆ ಇಲ್ಲೆ ಅಣ್ಣಾ" ಎಂದ ರಂಗಸಾಮಿ.

ಆಣೆ ಇಟ್ಟದ್ದಕ್ಕೇ ಸಂಶಯ ಇನ್ನಷ್ಟು ಬಲವಾಯಿತು. ಡಿಲ್ಟಿಯಾಜೆಮ್ ಡೋಸ್ ದುಪ್ಪಟ್ಟು ಮಾಡಿ ಕಳಿಸಿದೆ. ಹದಿನೈದು ದಿನಕ್ಕೆ ಕ್ರಿಯಾಟಿನಿನ್ 2.8. ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆ ಎಂದು ತೀರ್ಮಾನಿಸಿದೆ. 'ರೋಗಿ ಔಷಧ ಸರಿಯಾಗಿ ಸೇವಿಸುತ್ತಿಲ್ಲ, ಸೈಕ್ಲೋಸ್ಪೋರಿನ್ ಹೆಚ್ಚಿಸುವುದು ಒಳಿತು' ಎಂದು ಮಧುರೈಗೆ ಪತ್ರ ಬರೆದು ನಾಗಮ್ಮನ ಕೈಗಿಟ್ಟೆ. ಏನು ಬರೆದಿದೆ ಎಂದು ಕೇಳಿದಳು. ಹೇಳಿದೆ. ಅವಳು ಪತ್ರ ಮಡಿಸಿಕೊಂಡು ಹೊರಟಳು. ಆದರೆ ಮಧುರೈ ಬಸ್ಸು ಹತ್ತಲಿಲ್ಲ.

ಮರುದಿನ ಬೆಳಗ್ಗೆ ಕಂಬಂನಿಂದ ಒಬ್ಬಳೇ ಬಂದು ಮೇಜಿನ ಮೇಲೆ ಒಂದು ತಂತಿ ಇಟ್ಟಳು. ದ್ರಾಕ್ಷಿ ಚಪ್ಪರಕ್ಕೆ ಬಿಗಿಯುವ ತಂತಿ. ಅದರ ತುಂಬ ಪೋಣಿಸಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು.

"ಅವ್ನ ಮೇಲೆ ನಂಗೂ ಸಂದೇಗ ಇತ್ತಣ್ಣಾ. ಅದ್ಕೇ ದಿನಾ ನಾನೇ ಕೈಯಾರೆ ಕೊಡದು, ಖಾಲಿ ಆದುದ್ದ ತಂತಿಗೆ ಸಿಕ್ಸದು. ನನ್ನ ಕಿಡ್ನಿ ಅವ್ನೊಳಗೆ ಐತೆ, ಬಿಟ್ಟುಬಿಡ್ತೀನಾ?"

ಎಣಿಸಿದೆ. ಒಂದು ಸೈಕ್ಲೋಸ್ಪೋರಿನ್ ಕೂಡ ತಪ್ಪಿರಲಿಲ್ಲ. ನಾಗಮ್ಮ ತಂತಿಯ ನಡುವೆ ಬೆರಳಿಟ್ಟಳು. ಅಲ್ಲಿಂದಾಚೆಗೆ ಡಿಲ್ಟಿಯಾಜೆಮ್ ಸ್ಟ್ರಿಪ್‌ಗಳು ಶುರುವಾಗಿದ್ದವು.

"ಈ ಮಾತ್ರೆ ಬಂದ ಮ್ಯಾಲೇ ಅವ್ನ ಕೈ ನಡುಗಿದ್ದು. ಇದ್ಯಾರಣ್ಣಾ ಬರ್ದಿದ್ದು?"

"ನಾನೇ" ಎಂದೆ.

ಅಲ್ಲಿಂದಲೇ ಮಧುರೈಯ ಕಿಡ್ನಿ ತಜ್ಞರಿಗೆ ಫೋನ್ ಮಾಡಿದೆ. ಡಿಲ್ಟಿಯಾಜೆಮ್ ಹೆಸರು ಕೇಳಿದ್ದೇ ಅವರು, "ರಕ್ತದಲ್ಲಿ ಸೈಕ್ಲೋಸ್ಪೋರಿನ್ ಎಷ್ಟಿದೆ ಅಂತ ನೋಡಿದಿರಾ?" ಎಂದರು. ನೋಡಿರಲಿಲ್ಲ. ಲಿವರ್ ಸೈಕ್ಲೋಸ್ಪೋರಿನ್ ಅನ್ನು ಕರಗಿಸುವುದಕ್ಕೆ ಡಿಲ್ಟಿಯಾಜೆಮ್ ಅಡ್ಡಿ ಮಾಡುತ್ತದೆ. ಕರಗದ ಔಷಧ ರಕ್ತದಲ್ಲಿ ಏರಿ ಕಿಡ್ನಿಗೇ ವಿಷವಾಗುತ್ತದೆ, ಬಿ.ಪಿ. ಏರಿಸುತ್ತದೆ, ಕೈ ನಡುಗಿಸುತ್ತದೆ. ಆ ಏರಿದ ಬಿ.ಪಿ.ಗೆ ನಾನು ಅದೇ ಮಾತ್ರೆಯನ್ನು ದುಪ್ಪಟ್ಟು ಕೊಟ್ಟಿದ್ದೆ. ಬೆಂಕಿಗೆ ತುಪ್ಪ ಸುರಿದಂತಾಗಿತ್ತು. ಪತ್ರ ಮಧುರೈ ತಲುಪಿ ಅವರು ನನ್ನ ಮಾತು ನಂಬಿದ್ದರೆ ನಾಗಮ್ಮನ ಕಿಡ್ನಿ ಉಳಿಯುತ್ತಿರಲಿಲ್ಲವೇನೋ.

ರಂಗಸಾಮಿಯನ್ನು ಅಂದೇ ಮಧುರೈಯಲ್ಲಿ ಸೇರಿಸಿಕೊಂಡರು. ಸೈಕ್ಲೋಸ್ಪೋರಿನ್ ಮಟ್ಟ ಇರಬೇಕಾದುದಕ್ಕಿಂತ ಎರಡು ಪಟ್ಟು ಮೀರಿತ್ತು. ಅವರ ಕಣ್ಗಾವಲಿನಲ್ಲಿ ಮಾತ್ರೆ ಬದಲಾಯಿತು. ಮೂರು ವಾರಕ್ಕೆ ಕ್ರಿಯಾಟಿನಿನ್ 1.4ಕ್ಕೆ ಇಳಿಯಿತು.

ಊರವರ ಬಾಗಿಲ ಬೀಗವನ್ನೆಲ್ಲ ಎಳೆದು ನೋಡಿದ ನಾನು ನನ್ನ ಚೀಟಿಯನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ವೈದ್ಯನಿಗೆ ಸಂಶಯ ಬೇಕು, ಆದರೆ ಅದು ತಾನು ಬರೆದ ಅಕ್ಷರದಿಂದ ಶುರುವಾಗಬೇಕು. ಮುಂದಿನ ಸಲ ಬಂದಾಗ, ಆ ತಂತಿ ನನಗೇ ಕೊಡಮ್ಮಾ, ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ ಎಂದು ನಾಗಮ್ಮನನ್ನು ಕೇಳಿದೆ. ಅವಳು ಕೊಡಲಿಲ್ಲ.

"ಬ್ಯಾಡಣ್ಣಾ, ನಂಗೇ ಬೇಕು. ಇನ್ ಮ್ಯಾಲೆ ನಿಮ್ಮುನ್ನೂ ನೋಡ್ಕಬೇಕಲ್ಲ."