ಹನ್ನೆರಡು ಹೆಜ್ಜೆ ದೂರದ ಎಡೆ

ನಮ್ಮ ಕೆಂಚನ ಕಾಲು ಹೋಗಿದ್ದು ನನ್ನಿಂದಲೇ. ಭಕ್ತರೇ, ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಭೈರಪ್ಪನ ಕೃಪೆ ಹೇಳಲು ಕೂತವಳು ತನ್ನ ತಪ್ಪನ್ನು ಮುಚ್ಚಿಟ್ಟರೆ ಅದು ಅರ್ಧ ಮಾತಾಗುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ನಮ್ಮೂರು ಹೂಡಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನಮ್ಮ ಹಳೇ ಮನೆ, ಮುಂದಿನ ಅಂಗಳ, ಅಂಗಳದ ಮೂಲೆಯ ಚಪ್ಪಡಿ ಕಲ್ಲು ಮಾತ್ರ ಹಾಗೇ ಉಳಿದಿವೆ. ಮನೆಯಲ್ಲಿ ನಾನು, ಮಗ ನಾಗೇಶ, ಸೊಸೆ ಶೋಭಾ, ಎಂಟು ವರ್ಷದ ಮೊಮ್ಮಗಳು ಚಿನ್ನು. ಐದನೆಯವನು ಕೆಂಚ. ಚಿನ್ನು ಅಂಬೆಗಾಲಿಡುವಾಗ ಬೀದಿಯಿಂದ ನಾಯಿಮರಿಯಾಗಿ ಬಂದವನು. ಇಬ್ಬರೂ ಒಂದೇ ಚಾಪೆಯ ಮೇಲೆ ಬೆಳೆದರು.

ಭೈರಪ್ಪ ಅಂದರೆ ಕಾಲಭೈರವ, ನಮ್ಮ ಮನೆದೇವರು. ನಾಯಿ ಆತನ ವಾಹನ. ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಬಾಳೆಲೆಯಲ್ಲಿ ದೇವರ ಎಡೆ ತಂದು ಆ ಚಪ್ಪಡಿ ಕಲ್ಲಿನ ಮೇಲೆ ಇಡುತ್ತೇವೆ. ಮನೆಯ ನಾಯಿ ತಾನಾಗಿ ಬಂದು ಬಾಯಿ ಹಾಕಬೇಕು. ಇಟ್ಟ ಎಲೆಯನ್ನು ಕದಲಿಸುವಂತಿಲ್ಲ, ನಾಯಿಯನ್ನು ಹಿಡಿದು ತರುವಂತಿಲ್ಲ, ಅದು ತಿನ್ನುವ ತನಕ ಮನೆಯವರು ತುತ್ತು ಎತ್ತುವಂತಿಲ್ಲ. ನಮ್ಮ ಅತ್ತೆಯ ಕಾಲಕ್ಕಿಂತ ಹಿಂದಿನಿಂದ ನಡೆದು ಬಂದ ಕಟ್ಟಳೆ ಇದು.

ಕಳೆದ ವಿಜಯದಶಮಿ ಆದ ಮೂರನೇ ದಿನ ಬೆಳಗ್ಗೆ ನೀರಿನ ಟ್ಯಾಂಕರ್ ಬಂತು. ಗೇಟು ತೆಗೆದು ಪೈಪು ಒಳಗೆ ಎಳೆದುಕೊಂಡೆ. ನೀರು ತುಂಬಿದ ಮೇಲೆ ಸಂಪಿನ ಮುಚ್ಚಳ ಹಾಕುವ ಗಡಿಬಿಡಿಯಲ್ಲಿ ಗೇಟಿನ ಚಿಲಕ ಮರೆತೆ. ಟ್ಯಾಂಕರ್ ಹಿಂದಕ್ಕೆ ಬರುತ್ತಿದ್ದಂತೆ ಕೆಂಚ ಬೊಗಳುತ್ತಾ ಹೊರಗೆ ನುಗ್ಗಿದ. ಹಿಂದಿನ ಬಲಗಾಲು ಚಕ್ರದಡಿ ಸಿಕ್ಕಿತು. ಅವನು ಕೂಗಿದ ಕೂಗನ್ನು ನಾನು ಬರೆಯಲಾರೆ.

ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲ. ಆಟೋದವರು ರಕ್ತ ನೋಡಿ ಮುಂದೆ ಹೋದರು. ಕೊನೆಗೆ ತರಕಾರಿ ಇಳಿಸಿ ಬರುತ್ತಿದ್ದ ಲಗೇಜ್ ಆಟೋದ ಒಬ್ಬ ಪುಣ್ಯಾತ್ಮ ನಿಲ್ಲಿಸಿದ. "ಹತ್ತು ಅಜ್ಜಿ, ಗಾಡಿ ತೊಳ್ಕೊಂಡ್ರೆ ಆಯ್ತು," ಅಂದ. ನನ್ನ ಸೀರೆಯ ಸೆರಗಿನಲ್ಲೇ ಕಾಲು ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆ ಸೇರಿದೆವು.

ನಾಲ್ಕು ದಿನ ಬ್ಯಾಂಡೇಜು ಕಟ್ಟಿ ನೋಡಿದರು. ಆ ನಾಲ್ಕು ದಿನವೂ ನಾನು ಬರಿಗಾಲಲ್ಲಿ ಭೈರಪ್ಪನ ಗುಡಿಗೆ ಹೋಗಿ ಬೇಡಿಕೊಂಡೆ. "ಕಾಲು ಉಳಿಸಿಕೊಡಪ್ಪ, ಇನ್ನೇನೂ ಕೇಳಲ್ಲ." ಐದನೇ ದಿನ ಡಾಕ್ಟರಮ್ಮ ನನ್ನ ಕೈ ಹಿಡಿದು, "ಅಜ್ಜಿ, ಕಾಲು ಕೊಳೀತಾ ಇದೆ. ತೆಗೀದಿದ್ರೆ ಜೀವ ಉಳಿಯಲ್ಲ," ಅಂದರು. ತೆಗೆದರು.

ಅವತ್ತು ಮನೆಗೆ ಬಂದವಳೇ ದೇವರ ಕೋಣೆಯ ಬಾಗಿಲು ಎಳೆದುಕೊಂಡೆ. "ಚಿಲಕ ಮರೆತವಳು ನಾನು. ನನ್ನ ಕಾಲು ತಗೋಬೇಕಾಗಿತ್ತು. ನಿನ್ನ ವಾಹನವನ್ನೇ ಕುಂಟು ಮಾಡ್ಕೊಂಡ್ಯಲ್ಲ," ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಮತ್ತೆ ದೀಪ ಹಚ್ಚಲಿಲ್ಲ, ಸೋಮವಾರದ ಎಡೆಯನ್ನೂ ನಿಲ್ಲಿಸಿದೆ. ಶೋಭಾ ತನ್ನ ಪಾಡಿಗೆ ದೀಪ ಹಚ್ಚುತ್ತಿದ್ದಳು, ನಾನು ಆ ಕಡೆ ನೋಡುತ್ತಿರಲಿಲ್ಲ.

ಹೊಲಿಗೆ ಬಿಚ್ಚಿದ ದಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ಇನ್ಮೇಲೆ ಎತ್ಕೋಬೇಡಿ ಅಜ್ಜಿ. ಹೊಟ್ಟೆ ಕೆಳಗೆ ಟವೆಲ್ ಕೊಟ್ಟು ಹಿಂದಿನ ಭಾಗ ಚೂರು ಹಿಡ್ಕೊಂಡು ನಡೆಸಿ. ನುಣ್ಣಗಿರೋ ನೆಲದ ಮೇಲೆ ಏನಾದ್ರೂ ಹಾಸಿ. ನಾಯಿಗೆ ಮೂರು ಕಾಲು ಸಾಕು, ಅದೇ ಕಲಿಯುತ್ತೆ."

ಶೋಭಾ ನಡುಮನೆಯ ಟೈಲ್ಸಿನ ಮೇಲೆಲ್ಲ ಗೋಣಿಚೀಲ ಹಾಸಿದಳು. ನಾನು ಮಾಡಿದ್ದೇನು? ಕೆಂಚ ಒಂದು ಸಲ ಜಾರಿ ಬಿದ್ದು ಕುಂಯ್ ಅಂದ. ಅಷ್ಟೇ. ಅವತ್ತಿನಿಂದ ಹೊರಗೆ ಹೋಗುವುದಕ್ಕೂ ಎತ್ತಿಕೊಂಡೆ, ಒಳಗೆ ಬರುವುದಕ್ಕೂ ಎತ್ತಿಕೊಂಡೆ. ಅನ್ನವನ್ನು ಉಂಡೆ ಮಾಡಿ ಬಾಯಿಗೇ ಇಟ್ಟೆ.

"ಅತ್ತೆ, ಡಾಕ್ಟ್ರು ಏನ್ ಹೇಳಿದ್ರು?" ಎಂದಳು ಶೋಭಾ.

"ಅವ್ರಿಗೇನು, ಯೋಳ್ಬುಟ್ಟು ಓಗ್ತಾರೆ. ನೋವು ಇವ್ನಿಗಲ್ವಾ?"

"ನಿಮ್ಮ ಮಗನ್ನೂ ಹಿಂಗೇ ಎತ್ಕೊಂಡು ತಿರುಗಿರ್ತೀರ. ಅದ್ಕೇ ಇವತ್ತಿಗೂ ಉಂಡ ತಟ್ಟೆ ಎತ್ತಿಡಲ್ಲ."

ನಾಗೇಶ ತಟ್ಟೆ ಎತ್ತಿಕೊಂಡು ಒಳಗೆ ಹೋದ. ನಾನು ಮಾತ್ರ ಬುದ್ಧಿ ಕಲಿಯಲಿಲ್ಲ.

ಕಾರ್ತೀಕ ಮುಗಿಯುತ್ತಾ ಬಂತು. ಕೆಂಚ ಎದ್ದು ನಿಲ್ಲುವ ಯೋಚನೆಯನ್ನೇ ಬಿಟ್ಟಿದ್ದ. ಉಳಿದ ಹಿಂಗಾಲು ಕಡ್ಡಿಯಾಯಿತು, ಮಲಗಿ ಮಲಗಿ ಸೊಂಟದ ಹತ್ತಿರ ಹುಣ್ಣಾಯಿತು. ಆಮೇಲೆ ನನ್ನ ಕೈತುತ್ತಿಗೂ ಮುಖ ತಿರುಗಿಸಿದ. ಡಾಕ್ಟರಮ್ಮ ನೋಡಿ, "ಇದು ದಿನಾ ನರಳ್ತಾ ಇದೆ. ಒಂದು ವಾರ ನೋಡಿ. ಆಗ್ಲೂ ಏಳದಿದ್ರೆ ಸೂಜಿ ಕೊಟ್ಟು ನೆಮ್ಮದಿಯಾಗಿ ಕಳಿಸೋದೇ ಒಳ್ಳೇದು," ಎಂದರು. ವಾರ ಕಳೆಯಿತು. ನಾಗೇಶ ಗೋಡೆ ನೋಡುತ್ತಾ ಹೇಳಿದ, "ಮಂಗಳವಾರ ಕರ್ಕೊಂಡು ಹೋಗ್ತೀನಿ ಅಮ್ಮ."

ಮಂಗಳವಾರದ ಹಿಂದಿನ ದಿನ ಕಡೇ ಕಾರ್ತೀಕ ಸೋಮವಾರ. ಬೆಳಗ್ಗೆ ಚಿನ್ನು ಬಂದು ನನ್ನ ಪಕ್ಕ ಕೂತಳು. "ಅಜ್ಜಿ, ನಾಳೆ ಕೆಂಚ ಇರಲ್ವಲ್ಲ. ಇವತ್ತಾದ್ರೂ ಅವ್ನಿಗೆ ದೇವರ ಎಡೆ ಇಡ್ತೀಯಾ?" ಅಂದಳು.

ಕೋಪ ಎಲ್ಲಿ ಹೋಯಿತೋ ತಿಳಿಯದು. ಎದ್ದು ಸ್ನಾನ ಮಾಡಿದೆ. ಅನ್ನ, ಹೆಸರುಬೇಳೆ ಪಾಯಸ ಮಾಡಿದೆ. ಎಷ್ಟೋ ವಾರದ ಮೇಲೆ ಭೈರಪ್ಪನ ಮುಂದೆ ದೀಪ ಹಚ್ಚಿದೆ. ಕಾಲು ಕೇಳಲಿಲ್ಲ, ಜೀವವನ್ನೂ ಕೇಳಲಿಲ್ಲ. "ಇವನು ನಿನ್ನವನು. ನನ್ನ ಕೈಲಿ ಆಗಲಿಲ್ಲ. ನೀನೇ ನೋಡಿಕೋ," ಎಂದಷ್ಟೇ ಅಂದೆ. ಕಣ್ಣೀರಲ್ಲಿ ಏನೂ ಕಾಣುತ್ತಿರಲಿಲ್ಲ. ಎಲೆ ಹಿಡಿದು ಹೊರಗೆ ಬಂದವಳು ಅಭ್ಯಾಸದಂತೆ ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಇಟ್ಟುಬಿಟ್ಟೆ.

ಇಟ್ಟ ಮೇಲೆ ಹಿಂತಿರುಗಿ ನೋಡಿದೆ. ಕೆಂಚ ಮಲಗಿದ್ದದ್ದು ಜಗಲಿಯಲ್ಲಿ. ಅಲ್ಲಿಂದ ಕಲ್ಲಿಗೆ ಹನ್ನೆರಡು ಹೆಜ್ಜೆ. ಎಲೆ ಕದಲಿಸುವಂತಿಲ್ಲ, ಅವನನ್ನು ಎತ್ತಿ ತರುವಂತಿಲ್ಲ. ಅವನ ಕಡೇ ಎಡೆಯನ್ನೂ ನಾನೇ ದೂರ ಮಾಡಿದ್ದೆ.

ನಾಗೇಶ ಜಗಲಿ ಹತ್ತಿ ಬಗ್ಗಿದ. "ನಾನು ಎತ್ಕೊಂಡು ಬರ್ತೀನಿ ಬಿಡಮ್ಮ."

"ಮುಟ್ಬ್ಯಾಡ ಕಣ್ಲಾ!" ಎಂದು ಕೂಗಿದೆ. "ಬೈರಪ್ಪನ ಎಡೆ ಅದು. ತಾನಾಗಿ ಬರ್ಬೇಕು."

"ಹೆಂಗ್ ಬರ್ತಾನಮ್ಮ ಅವ್ನು?"

ಗೇಟಿನ ಕಂಬ ಹಿಡಿದು ನಿಂತೆ. ಎಲ್ಲರೂ ಹಸಿದು ನಿಂತೆವು. ಚಿನ್ನುವಿನ ಸ್ಕೂಲ್ ವ್ಯಾನ್ ಹಾರ್ನ್ ಹೊಡೆದು ಹೋಯಿತು, ಯಾರೂ ಅಲುಗಲಿಲ್ಲ. ಪಾಯಸದ ವಾಸನೆಗೆ ಕೆಂಚ ತಲೆ ಎತ್ತಿದ. ನನ್ನನ್ನೇ ನೋಡಿ ಕುಂಯ್ ಅಂದ, ಎತ್ತಿಕೋ ಎಂದು. ಅಷ್ಟು ದಿನದಲ್ಲಿ ಮೊದಲ ಸಲ ನಾನು ಹೋಗಲಿಲ್ಲ. ನನ್ನ ಕಾಲಿಗೆ ಯಾರೋ ಮೊಳೆ ಹೊಡೆದಂತಿತ್ತು.

ಆಗ ಒಂದು ಕಾಗೆ ಬಂದು ಕಲ್ಲಿನ ಮೇಲೆ ಕೂತಿತು. ಎಲೆಗೆ ಕೊಕ್ಕು ಚಾಚಿತು.

ಕೆಂಚನಿಗೆ ಮರಿಯಿದ್ದಾಗಿನಿಂದ ಕಾಗೆ ಕಂಡರೆ ಆಗದು. ಗುರ್ ಎಂದ. ಕಾಗೆ ಹೆದರಲಿಲ್ಲ. ಕೆಂಚ ಮುಂಗಾಲು ಊರಿದ, ನಡುಗುತ್ತಾ ಹಿಂದಿನ ಒಂದೇ ಕಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡು ಎದ್ದ. ಬಿದ್ದ. ಚಿನ್ನು ಬಾಯಿ ಮುಚ್ಚಿಕೊಂಡಳು, ಶೋಭಾ ನನ್ನ ತೋಳು ಬಿಗಿಯಾಗಿ ಹಿಡಿದಳು. ಮತ್ತೆ ಎದ್ದ. ಜಗಲಿಯ ಒಂದು ಮೆಟ್ಟಿಲು ಧೊಪ್ಪನೆ ಇಳಿದ. ಆಮೇಲೆ ಒಂದು ಕುಪ್ಪಳ, ಇನ್ನೊಂದು ಕುಪ್ಪಳ. ಕಾಗೆ ಹಾರಿತು. ಕೆಂಚ ಕಲ್ಲಿನ ಹತ್ತಿರ ಹೋಗಿ, ಮೈಯೆಲ್ಲ ಅದುರುತ್ತಾ, ನಿಂತೇ ಎಡೆ ತಿಂದ. ಎಲೆ ನೆಕ್ಕುವ ತನಕ ನಿಂತಿದ್ದ.

ಚಿನ್ನು ಕಿರುಚಿದಳು. ನಾಗೇಶ ಅಂಗಳದಲ್ಲೇ ಕುಕ್ಕರುಬಡಿದು ಅತ್ತ. ನಾನು ಮಣ್ಣಿಗೆ ಹಣೆ ಹಚ್ಚಿದೆ. ಕಾಗೆ ತಾನೇ ಬಂತು ಅನ್ನುವವರು ಅನ್ನಲಿ. ಕಳಿಸಿದವನು ಯಾರೆಂದು ನನಗೆ ಗೊತ್ತು. ನನ್ನನ್ನು ಕಟ್ಟಳೆಯಲ್ಲಿ ಕಟ್ಟಿ ನಿಲ್ಲಿಸಿ, ಅವನನ್ನು ಎಬ್ಬಿಸಿದ.

ಮಂಗಳವಾರ ಆಸ್ಪತ್ರೆಗೆ ಹೋದೆವು, ಹುಣ್ಣಿಗೆ ಔಷಧಿ ತರಲು. ಡಾಕ್ಟರಮ್ಮ ಕೆಂಚನ ಮುಂದೆ ನೆಲದಲ್ಲೇ ಕೂತುಬಿಟ್ಟರು. ಅಲ್ಲಿಂದ ಅವರು ಹೇಳಿದಂತೆಯೇ ಮಾಡಿದೆ. ಟವೆಲ್ ಹಿಡಿದು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ನಡೆಸಿದೆ, ಕಾಲು ನೀವಿದೆ, ಊಟ ಅಳತೆಯಲ್ಲಿಟ್ಟು ಮೈ ಭಾರವಾಗದಂತೆ ನೋಡಿಕೊಂಡೆ. ಸಂಕ್ರಾಂತಿಗೆ ಟವೆಲ್ ಬೇಕಾಗಲಿಲ್ಲ. "ನಮ್ಮ ಕೆಂಚನಿಗೆ ಒಂದು ಅನುಕೂಲ ಆಯ್ತಮ್ಮ, ಕಂಬ ಕಂಡ್ರೆ ಕಾಲೆತ್ತೋ ಕೆಲಸ ಇಲ್ಲ," ಎಂದು ನಾಗೇಶ ನಗಿಸುತ್ತಾನೆ.

ಭಕ್ತರೇ, ನಾನು ಬೇಡಿದ್ದು ಒಂದು ಕಾಲು. ಭೈರಪ್ಪ ಅದನ್ನು ಕೊಡಲಿಲ್ಲ. ಆತನಿಗೆ ನಾನು ಆಡಿದ ಮಾತಿಗೆ ಈಗಲೂ ಕೆನ್ನೆ ಬಡಿದುಕೊಳ್ಳುತ್ತೇನೆ. ಕೇಳಿದ್ದು ಸಿಗದೆ ದೇವರ ಕೋಣೆಯ ಬಾಗಿಲು ಎಳೆದುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಈ ಮುದುಕಿಯ ಮಾತು ಕೇಳಿ ಇವತ್ತು ಒಂದು ದೀಪ ಹಚ್ಚಿ.

ಇದನ್ನು ಬರೆಯುತ್ತಾ ಜಗಲಿಯಲ್ಲಿ ಕೂತಿದ್ದೇನೆ. ಅಂಗಳದಿಂದ ಚಿನ್ನು ಕೂಗುತ್ತಿದ್ದಾಳೆ, "ಅಜ್ಜೀ, ಕೆಂಚ ನನ್ನ ಚಪ್ಪಲಿ ಕಚ್ಕೊಂಡು ಓಡೋದ!"

ಓಡಿಹೋದನಂತೆ, ತಂದೆ. ಓಡಿಹೋದನಂತೆ.