ಮುಟ್ಟುವ ಮೊದಲು ಹೇಳಬೇಕು

ಮೊದಲು ನಿಂತದ್ದು ಮುದ್ದೆ.

"ಅಕ್ಕಾ, ಬಾಯಿ ಬಿಡಕ್ಕಾಗ್ತಿಲ್ಲ" ಎಂದ ನಂಜುಂಡ, ತಟ್ಟೆಯ ಮುಂದೆ ಕೂತು. ಹಲ್ಲು ಕಚ್ಚಿಕೊಂಡೇ ಅಂದ. ನಾನು ನಂಬಲಿಲ್ಲ. "ನಾಟಕ ಆಡ್ಬೇಡ ಕಣೋ, ಹುರುಳಿಸಾರು ಬೇಡ ಅಂದ್ರೆ ಬೇಡ ಅನ್ನು" ಎಂದು ರೇಗಿದೆ. ನನ್ನ ತಮ್ಮನಿಗೆ ಇಪ್ಪತ್ತು ದಾಟಿತ್ತು. ಆದರೂ ಅಮ್ಮ ಹೋದ ಮೇಲೆ ಸಾಕಿದವಳು ನಾನೇ, ಬೈಯುವ ಹಕ್ಕೂ ನನ್ನದೇ. ಸಾಲದ್ದಕ್ಕೆ ನಾನು ಸುಗಟೂರಿನ ಪಕ್ಕದ ಹಳ್ಳಿಯ ಶಾಲೆಯಲ್ಲಿ ಟೀಚರ್. ಒಂದೇ ಕೋಣೆಯಲ್ಲಿ ಎರಡು ಕ್ಲಾಸು. ನಾನು ಮಗ್ಗಿ ಹೇಳಿಸಿದರೆ ಕೆರೆ ಏರಿಯ ಮೇಲೆ ಹೋಗುವವರಿಗೂ ಕೇಳುತ್ತದೆ. ಮೆಲ್ಲಗೆ ಮಾತಾಡುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ.

ಬೆಳಗಾಗುವಷ್ಟರಲ್ಲಿ ಅವನ ಕತ್ತು, ಬೆನ್ನು ಮರದ ಹಾಗೆ ಸೆಟೆದಿತ್ತು. ನಾನೂ ಚಿಕ್ಕಪ್ಪನೂ ಸೇರಿ ಕೋಲಾರದ ಬಸ್ಸು ಹತ್ತಿಸಿದೆವು. ಬಸ್ಸು ಹಳ್ಳಕ್ಕಿಳಿದು ಎದ್ದಾಗಲೆಲ್ಲ ಅವನ ಮೈ ಹಿಂದಕ್ಕೆ ಬಾಗುತ್ತಿತ್ತು. ತುಟಿ ಎರಡೂ ಕಡೆ ಎಳೆದುಕೊಂಡು ಹಲ್ಲು ಕಾಣುತ್ತಿತ್ತು.

"ನೋಡಮ್ಮಿ, ನಗ್ತಾವ್ನೆ. ಏನೂ ಆಗಿಲ್ಲ ಇವನಿಗೆ" ಎಂದರು ಚಿಕ್ಕಪ್ಪ. ನನಗೂ ಒಂದಿಷ್ಟು ಧೈರ್ಯ ಬಂತು. ಎಂಥಾ ಮಂಕು ಕವಿದಿತ್ತೋ ನಮಗೆ!

ಡಾಕ್ಟರು ಅವನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. ಪಾದದಡಿ ಒಂದು ಕಪ್ಪು ಚುಕ್ಕೆ. ತೋಟದಲ್ಲಿ ಹಿಪ್ಪುನೇರಳೆ ಕತ್ತರಿಸಿದ ಮೇಲೆ ನೆಲದಲ್ಲಿ ಉಳಿಯುವ ಕಡ್ಡಿಯ ಮೊನೆ ಚುಚ್ಚಿದ್ದು. ಎಲ್ಲರ ಕಾಲಿಗೂ ಚುಚ್ಚುತ್ತದೆ, ಯಾರು ಹೇಳಿಕೊಂಡು ಕೂರುತ್ತಾರೆ? ಇವನೂ ಹೇಳಿರಲಿಲ್ಲ.

"ಟೆಟನಸ್. ಧನುರ್ವಾಯು."

"ನಗ್ತಿದಾನಲ್ಲ ಡಾಕ್ಟ್ರೇ?"

"ಅದು ನಗು ಅಲ್ಲಮ್ಮ. ಮುಖದ ಸ್ನಾಯು ಎಳೀತಾ ಇದೆ."

ಉಳೀತಾನಾ ಎಂದು ಕೇಳಿದೆ. "ಬಹಳ ಬೇಗ ಏರಿಬಿಟ್ಟಿದೆ. ಇಂಜೆಕ್ಷನ್ ಕೊಡ್ತೀವಿ. ಆಸೆ ಇಟ್ಕೋಬೇಡಿ" ಎಂದರು. ಮುಚ್ಚುಮರೆ ಮಾಡಲಿಲ್ಲ. ಅವತ್ತು ಆ ಮನುಷ್ಯನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ವರಾಂಡದ ಕೊನೆಯ ಕೋಣೆಯಲ್ಲಿ ಮಲಗಿಸಿದರು. ಕಿಟಕಿಗೆ ಕಂಬಳಿ ಕಟ್ಟಿದರು. ಬೆಳಕು ಬೀಳಬಾರದು, ಸದ್ದಾಗಬಾರದು, ಯಾರೂ ಹೋಗಿ ಮುಟ್ಟಬಾರದು. ಅಷ್ಟಕ್ಕೇ ಮೈ ಬಿಲ್ಲಿನ ಹಾಗೆ ಬಾಗಿ ಉಸಿರು ಕಟ್ಟುತ್ತದೆ. ಆದರೆ ಪ್ರಜ್ಞೆ ಇರುತ್ತದೆ, ಎಲ್ಲ ಕೇಳಿಸುತ್ತದೆ, ನೋವೆಲ್ಲ ತಿಳಿಯುತ್ತದೆ ಎಂದರು. ಇಷ್ಟೆಲ್ಲ ಕೇಳಿಸಿಕೊಂಡು ಒಳಗೆ ಕಾಲಿಟ್ಟವಳು "ನಂಜಾ!" ಎಂದುಬಿಟ್ಟೆ.

ಮಂಚ ಅಲ್ಲಾಡಿತು.

ನನ್ನನ್ನು ಹೊರಗೆ ಕಳಿಸಿದರು. ಸರಿಯಾಗೇ ಮಾಡಿದರು. ಆಮೇಲೆ ವರಾಂಡದ ಬೆಂಚೇ ಗತಿ. ಜನರಲ್ ವಾರ್ಡಿನಲ್ಲಿ ಯಾರದಾದರೂ ಟ್ರಾನ್ಸಿಸ್ಟರ್ ಹಾಡಿದರೆ ಎದ್ದು ಹೋಗಿ ಕೈಸನ್ನೆಯಲ್ಲೇ ಜಗಳ ಆಡಿ ಬರುತ್ತಿದ್ದೆ. ಅವನು ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಾಗಿಹೋಗಿತ್ತು. ನನ್ನ ಸಂಕಟ ಅದಕ್ಕಿಂತ ಬೇರೆ. ಅವನು ಕತ್ತು ಹೊರಳಿಸಲಾರ, ಬಾಗಿಲ ಕಡೆ ನೋಡಲಾರ. ಕೂಗಾಡುವ ಅಕ್ಕನ ಸದ್ದೇ ಇಲ್ಲವೆಂದರೆ ಏನೆಂದುಕೊಳ್ಳುತ್ತಾನೆ? ಬಿಟ್ಟು ಹೋದಳು ಎಂದೇ ತಾನೆ? ನಾನು ಇಲ್ಲೇ ಇದ್ದೇನೆ ಎಂಬ ಒಂದು ಮಾತು ಅವನಿಗೆ ತಲುಪಿದ್ದರೆ ನನಗೆ ಬೇರೇನೂ ಬೇಕಿರಲಿಲ್ಲ.

ದಿನಾ ಬೆಳಿಗ್ಗೆ ನರ್ಸಿಂಗ್ ಕಲಿಯುವ ಹುಡುಗಿಯರು ಸಾಲಾಗಿ ಬರುತ್ತಿದ್ದರು. ಪೇಷಂಟಿನ ಹತ್ತಿರ ಹೇಗೆ ಮಾತಾಡಬೇಕು ಎಂಬುದೇ ಅವರಿಗೆ ಆಗ ಪಾಠ. ಟ್ಯೂಟರ್ ಸಿಸ್ಟರ್ ಹೇಳಿಕೊಡುವುದು ಬೆಂಚಿಗೂ ಕೇಳಿಸುತ್ತಿತ್ತು. ಕಾಲ ಹತ್ತಿರ ನಿಲ್ಲಬೇಡಿ, ತಲೆಯ ಹತ್ತಿರ ಹೋಗಿ. ನಿಮ್ಮ ಹೆಸರು ಹೇಳಿ. ನಗುಮುಖ ಇರಲಿ, ಅವರೂ ನಕ್ಕರೆ ಅರ್ಧ ಗೆದ್ದ ಹಾಗೆ.

ಸರೋಜ ಎಂಬ ಹುಡುಗಿಗೆ ನಂಜುಂಡನ ಕೋಣೆ ಬಂತು. ಮುಳಬಾಗಿಲ ಕಡೆಯವಳು, ಮನೆಮಾತು ತೆಲುಗು, ಕನ್ನಡಕ್ಕೂ ಅದೇ ರಾಗ. ಧನುರ್ವಾಯುವಿನ ಪಾಠ ಅವಳಿಗೆ ಇನ್ನೂ ಆಗಿರಲಿಲ್ಲವಂತೆ. ಮೊದಲ ದಿನ ಸದ್ದಿಲ್ಲದೆ ಒಳಗೆ ಹೋಗಿ ಬಂದಳು. ಮುಖ ಅರಳಿತ್ತು.

"ಅಕ್ಕಯ್ಯಾ, ನಿಮ್ಮ ತಮ್ಮ ನನ್ನ ನೋಡಿ ನಕ್ಕರು!"

ಅವಳ ಕೈ ಹಿಡಿದು ಬೆಂಚಿನ ಹತ್ತಿರಕ್ಕೆ ಎಳೆದೆ.

"ಅದು ನಗು ಅಲ್ಲ ಕಣೇ. ಅದೇ ಕಾಯಿಲೆ" ಎಂದೆ. ಅವಳು ಬೆಂಚಿನ ತುದಿಯಲ್ಲಿ ಕುಸಿದು ಕೂತಳು. ಅಂಗೈಯನ್ನು ಬಾಯಿಗೊತ್ತಿಕೊಂಡು ಅತ್ತಳು. ಸದ್ದು ಮಾಡದೆ ಅಳುವುದಾದರೂ ಅವಳಿಗೆ ಬರುತ್ತಿತ್ತು, ನನಗೆ ಅದೂ ಬರುತ್ತಿರಲಿಲ್ಲ.

ಮಾರನೆಯ ದಿನ ಟ್ಯೂಟರನ್ನು ಕೇಳಿಕೊಂಡು ಬಂದಿದ್ದಳು. ಇಂಥ ಪೇಷಂಟಿಗೆ ನಗುವುದು, ನಮಸ್ಕಾರ ಹೇಳುವುದು ಏನೂ ಬೇಡ. ಮುಟ್ಟುವ ಮೊದಲು ಕಿವಿಯ ಹತ್ತಿರ ಉಸಿರಿನಲ್ಲೇ ಹೇಳಬೇಕು, ಎಲ್ಲಿ ಮುಟ್ಟುತ್ತೇನೆ, ಯಾಕೆ ಮುಟ್ಟುತ್ತೇನೆ ಎಂದು. ಹೇಳಿ ಮುಟ್ಟಿದರೆ ಮೈ ಅಷ್ಟು ಬೆಚ್ಚುವುದಿಲ್ಲ.

"ನಿಮ್ಮ ಮೇಲೆ ಒಂದ್ಸಲ ಮಾಡಿ ನೋಡ್ಲಾ ಅಕ್ಕಯ್ಯಾ?"

ಕಣ್ಣು ಮುಚ್ಚಿ ಕೂತೆ. "ಈಗ ಎಡಗೈ ಮುಟ್ತೀನಿ. ನಾಡಿ ನೋಡಕ್ಕೆ." ಬೆರಳು ಮೆಲ್ಲಗೆ ಬಂದು ಕೂತವು. ಆಸ್ಪತ್ರೆಗೆ ಬಂದ ಮೇಲೆ ನನ್ನ ಮೈ ಸಡಿಲವಾದದ್ದು ಅದೇ ಮೊದಲು.

"ಅಕ್ಕ ಬಾಗಿಲ ಹೊರಗೇ ಇದಾಳೆ ಅಂತ ಅವನಿಗೆ ಹೇಳ್ತೀಯಾ?"

ಹೇಳಿ ಬಂದಳು. ಮುಖ ಬಾಡಿತ್ತು. "ಗೊತ್ತಾದ್ರೆ ಕಣ್ಣು ಮುಚ್ಚಿ ಅಂದೆ. ಮುಚ್ಚಲಿಲ್ಲ ಅಕ್ಕಯ್ಯಾ. ನನ್ನ ಮಾತು ನಂಬ್ಲಿಲ್ಲ ಅನ್ಸುತ್ತೆ."

ಹೇಗೆ ನಂಬುತ್ತಾನೆ? ಬಾಯಿ ಮುಚ್ಚಿ ಕೂರುವ ಅಕ್ಕನನ್ನು ಅವನು ಯಾವತ್ತು ಕಂಡಿದ್ದ?

ಆಗ ಶುರುವಾಯಿತು ನನ್ನ ಕಲಿಕೆ. ಆಸ್ಪತ್ರೆಯ ಹಿಂದೆ, ಬೇವಿನ ಮರದ ಕೆಳಗೆ ಸರೋಜ ನನಗೆ ಪಿಸುಮಾತು ಕಲಿಸಿದಳು. ನನ್ನ ಮೊದಲ ಪಿಸುಮಾತಿಗೆ ಆ ಕಡೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಿರುಗಿ "ನನ್ನ ಕರೆದ್ರಾ?" ಎಂದಳು. ಸರೋಜಳಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕುಬಿಟ್ಟೆ, ಪಾಪಿ. "ಗಂಟಲಿಂದ ಬೇಡ, ಬರೀ ಉಸಿರಲ್ಲಿ" ಎಂದು ಹೇಳಿಕೊಟ್ಟಳು. ನಾನು ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ಹಾಗೆ ಅವಳು ನನ್ನ ಬಾಯಿ ತಿದ್ದಿದಳು. ಕೊನೆಗೆ ಟ್ಯೂಟರ್ ಸಿಸ್ಟರ್ ತಮ್ಮ ಕಿವಿಯಲ್ಲೇ ನನ್ನಿಂದ ಹೇಳಿಸಿ ನೋಡಿ, ಒಳಗೆ ಬಿಟ್ಟರು.

ಚಪ್ಪಲಿ, ಬಳೆ ತೆಗೆದಿಟ್ಟು ಹೋದೆ. ಕತ್ತಲಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಕಿವಿಯ ಹತ್ತಿರ ಬಗ್ಗಿದೆ.

"ನಂಜಾ. ಅಕ್ಕ ಕಣೋ. ಹೊರಗೆ ಬೆಂಚ್ ಮೇಲೇ ಇದೀನಿ. ಎಲ್ಲೂ ಹೋಗಿಲ್ಲ. ಈಗ ನಿನ್ನ ಬಲಗೈ ಮುಟ್ತೀನಿ."

ಅವನು ಕಣ್ಣು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ.

ಮುಟ್ಟಿದೆ. ಬೆಚ್ಚಲಿಲ್ಲ.

ಇದರಿಂದೇನೂ ಅವನು ಉಳಿಯಲಿಲ್ಲ. ಆಮೇಲೆ ಮೈ ಬಾಗಲು ಸದ್ದೂ ಬೇಕಿರಲಿಲ್ಲ, ಬೆಳಕೂ ಬೇಕಿರಲಿಲ್ಲ. ಇಂಜೆಕ್ಷನ್ ಹೆಚ್ಚಿಸಿದರು, ಪ್ರಯೋಜನ ಕಾಣಲಿಲ್ಲ. ನಾನು ಬೆಂಚಿನ ಮೇಲೆ ಕೂತು ದೇವರನ್ನು ಬೇಡಿಕೊಂಡೆ, ಉಳಿಸು ಎಂದಲ್ಲ, ಬೇಗ ಮುಗಿಸು ಎಂದು. ಹೆತ್ತ ಮಗನ ಹಾಗೆ ಸಾಕಿದವನಿಗೆ ನಾನೇ ಸಾವು ಕೇಳಿದೆ. ಒಂದು ಮಧ್ಯಾಹ್ನ ಬಿಗಿದ ಅವನ ಎದೆ ಮತ್ತೆ ಸಡಿಲವಾಗಲೇ ಇಲ್ಲ.

ಡಾಕ್ಟರು ಹೊರಗೆ ಬಂದು ಬಾಗಿಲು ಪೂರ್ತಿ ತೆರೆದಿಟ್ಟರು.

ಕಿಟಕಿಯ ಕಂಬಳಿ ತೆಗೆದಿದ್ದರು. ಬೆಳಕಿನಲ್ಲಿ ನೋಡಿದೆ. ತುಟಿ ಇಳಿದಿತ್ತು. ಆ ಹಾಳು ನಗು ಹೋಗಿ, ಸಾರು ಚೆನ್ನಾಗಿಲ್ಲ ಎಂದು ಮುಖ ಸೊಟ್ಟ ಮಾಡುತ್ತಿದ್ದ ನನ್ನ ತಮ್ಮನ ಮುಖ ವಾಪಸು ಬಂದಿತ್ತು. ಬಾಗಿಲಲ್ಲಿ ಚಿಕ್ಕಪ್ಪ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು. ಸರೋಜ ನನ್ನ ಪಕ್ಕ ಬಂದು "ಅಳಿ ಅಕ್ಕಯ್ಯಾ. ಈಗ ಜೋರಾಗಿ ಅತ್ರೂ ಏನಾಗಲ್ಲ" ಎಂದಳು.

ಈಗ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ನನ್ನ ಗಂಟಲು ಇನ್ನೂ ಪೂರ್ತಿ ಬಂದಿಲ್ಲ. ಹಿಂದೆ ಕೂರುವ ಮಕ್ಕಳು "ಕೇಳಿಸಲ್ಲ ಟೀಚರ್" ಅನ್ನುತ್ತಾರೆ. ಆ ಹುಡುಗಿ ಈಗ ಯಾವ ವಾರ್ಡಿನಲ್ಲಿದ್ದಾಳೋ, ಅವಳ ಹೊಟ್ಟೆ ತಣ್ಣಗಿರಲಿ.

ಅವತ್ತು ಅವಳು ಜೋರಾಗಿ ಅಳಿ ಎಂದರೂ ನನಗೆ ಕೂಗು ಹೊರಡಲಿಲ್ಲ. ನಂಜುಂಡನ ಕಣ್ಣು ಅರ್ಧ ತೆರೆದೇ ಇತ್ತು. ಕಿವಿಯ ಹತ್ತಿರ ಬಗ್ಗಿದೆ.

"ನಂಜಾ. ಅಕ್ಕ ಕಣೋ. ಈಗ ನಿನ್ನ ಕಣ್ಣು ಮುಚ್ತೀನಿ."

ಹೇಳಿ, ಆಮೇಲೆ ಮುಟ್ಟಿದೆ.