ಸುರುಳಿಯೊಳಗೆ ಇಲ್ಲದ್ದು

ಶಾಲೆಯೊಂದರ ವಿಜ್ಞಾನ ಫಲಕಗಳಿಗೆ ಕನ್ನಡ ಬರೆಯೋ ಕೆಲಸ ಒಪ್ಪಿಕೊಂಡಿದ್ದೆ. ಅವನ್ನು ಅಚ್ಚು ಹಾಕೋ ತಗಡು ನೋಡೋಣ ಅಂತ ಪೀಣ್ಯದ ಒಂದು ಶೆಡ್ಡಿಗೆ ಹೋದೆ. ಅಲ್ಲಿ ಮಷೀನು ನಡೆಸೋರು ಕೊಪ್ಪಳದ ಕಡೆಯ ಶರಣಪ್ಪ. ಚಾಪೆಯಂತೆ ಸುತ್ತಿಟ್ಟ ಉಕ್ಕಿನ ತಗಡು ನಿಧಾನಕ್ಕೆ ಬಿಚ್ಚಿಕೊಂಡು, ರೋಲರುಗಳ ನಡುವೆ ಹಾದು, ನೆಟ್ಟಗಾಗಿ ಹೊರಗೆ ಬರುತ್ತಿತ್ತು.

ನನಗೆ ಖುಷಿ ತಡೆಯಲಿಲ್ಲ. "ಅಣ್ಣ, ಎವಲ್ಯೂಷನ್ ಅಂದ್ರೆ ಇದೇ ನೋಡಿ! ಜೀವಿಗಳು ತಲೆಮಾರಿಂದ ತಲೆಮಾರಿಗೆ ಬದಲಾಗ್ತಾವಲ್ಲ, ಅದಕ್ಕಿಟ್ಟ ಹೆಸರು. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಸುರುಳಿ ಬಿಚ್ಚೋದು ಅಂತ," ಅಂದೆ. 'ಜೀವ ಸುರುಳಿಯಂತೆ ಬಿಚ್ಚಿಕೊಂಡಿತು' ಅಂತ ಫಲಕಕ್ಕೆ ಬರೆದಿದ್ದ ಸಾಲನ್ನೂ ಓದಿ ಹೇಳಿದೆ. ಮರುದಿನವೇ ಅದು ಅಚ್ಚಿಗೆ ಹೋಗಬೇಕಿತ್ತು.

ಶರಣಪ್ಪ ಮಷೀನು ನಿಲ್ಲಿಸಿದರು. "ತಪ್ಪು ತಿಳೀಬ್ಯಾಡ್ರಿ ಸರ. ಸುರುಳ್ಯಾಗ ಮೊದಲ ಏನೈತಿ, ಅಷ್ಟ ಹೊರಗ ಬರ್ತೈತಿ. ಜೀವದಾಗ ಹೊಸಾದು ಹುಟ್ತೈತಲ್ರಿ?"

ಅವರು ತಗಡಿಗೆ ಆಕಾರ ಕೊಡೋ ಒಂದು ಹಳೇ ಡೈ ತೋರಿಸಿದರು. "ಇದು ಫ್ಯಾನಿನ ಕವರಿಗೆ ಮಾಡಿದ್ದು. ಆರ್ಡರ್ ಬಂದಂಗ ತಿದ್ದಿ ತಿದ್ದಿ ಈಗ ಸ್ವಿಚ್ಚಿನ ಡಬ್ಬಿ ಮಾಡ್ತೈತಿ. ಮುಂದ ಹಿಂಗಾಗ್ತೈತಿ ಅಂತ ಮಾಡಿದಾಂವಗೂ ಗೊತ್ತಿರಲಿಲ್ರಿ. ಇದನ್ನ ಬರೀರಿ."

ತಿಂಗಳುಗಟ್ಟಲೆ ಓದಿದ ನನಗೆ ಹೊಳೆಯದ್ದು, ದಿನಾ ಸುರುಳಿ ಬಿಚ್ಚೋ ಆ ಮನುಷ್ಯನಿಗೆ ಒಂದೇ ಕ್ಷಣಕ್ಕೆ ಹೊಳೆದಿತ್ತು. ಅಲ್ಲೇ ನಿಂತು ನನ್ನ ಸಾಲು ಹೊಡೆದುಹಾಕಿದೆ. ಆ ಶೆಡ್ಡಿನಲ್ಲಿ ಬರೀ ತಗಡನ್ನು ನೆಟ್ಟಗೆ ಮಾಡ್ತಾರೆ ಅಂದುಕೊಂಡಿದ್ದೆ.